ನಂದಿಸೇನ ಮುನಿಯ ಶಾಸನಪದ್ಯ: ವೃತ್ತ, ನಾದ, ವ್ರತ

ಶ್ರವಣಬೆಳಗೊಳಕ್ಕೆ ಯಾತ್ರೆ ಬರುವ ಶ್ರಾವಕ ಕುಟುಂಬಗಳು ಸಾಮಾನ್ಯವಾಗಿ ದೊಡ್ಡಬೆಟ್ಟವನ್ನು ಏರಿ, ಗೊಮ್ಮಟಸ್ವಾಮಿಯ ದರ್ಶನ ಪಡೆದು, ಇಳಿದು ಬರುವಷ್ಟರಲ್ಲಿ ಬಿಸಿಲೇರಿರುತ್ತದೆ. ಎದುರಿನ ಚಿಕ್ಕಬೆಟ್ಟಕ್ಕೆ ಹೋಗುವವರು ಕಡಿಮೆ. ಹೋದವರೂ ಬಸದಿಗಳನ್ನು ನೋಡುತ್ತಾರೆಯೇ ಹೊರತು ಕಾಲಡಿಯ ಬಂಡೆಯ ಮೇಲಿನ ಅಕ್ಷರಗಳ ಬಳಿ ನಿಲ್ಲುವುದು ವಿರಳ. ಆದರೆ ಕ್ಷೇತ್ರದ ಪ್ರಾಚೀನ ಸಂಪತ್ತು ಅಲ್ಲಿಯೇ ಇದೆ. ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟದ 1973ರ ಪರಿಷ್ಕೃತ ಆವೃತ್ತಿಯಲ್ಲಿ ಬೆಳಗೊಳ ಮತ್ತು ಅದರ ಪರಿಸರದ 573 ಶಾಸನಗಳು ಸೇರಿವೆ. ಅವುಗಳಲ್ಲಿ 271 ಚಿಕ್ಕಬೆಟ್ಟದವು. ಅಲ್ಲಿನ ಹಳೆಯ ಶಾಸನಗಳಲ್ಲಿ ಹೆಚ್ಚಿನವು ರಾಜರ ದಾನವನ್ನಾಗಲಿ ಯುದ್ಧವನ್ನಾಗಲಿ ಹೇಳುವಂಥವಲ್ಲ. ಆಹಾರವನ್ನೂ ಕಷಾಯವನ್ನೂ ಕ್ರಮವಾಗಿ ತ್ಯಜಿಸಿ ಸಮಾಧಿಮರಣವನ್ನು ಪಡೆದ ಮುನಿಗಳ, ಆರ್ಯಿಕೆಯರ, ಶ್ರಾವಕರ ನಿಸಿದಿಗಳು ಅವು.

ಆ ನಿಸಿದಿಗಳಲ್ಲಿ ಒಂದು ನಂದಿಸೇನ ಮುನಿಯದು. ಲಿಪಿಯ ಆಧಾರದಿಂದ ಅದನ್ನು ಏಳನೆಯ ಶತಮಾನದ ಸುಮಾರಿನದೆಂದು ಹೇಳುತ್ತಾರೆ. ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗಕ್ಕೂ, 941ರಲ್ಲಿ ಪೂರ್ಣಗೊಂಡ ಪಂಪನ ಆದಿಪುರಾಣಕ್ಕೂ ಹಿಂದಿನ ಕನ್ನಡ ಕವಿತೆ ಇದು. ಕವಿಯ ಹೆಸರಿಲ್ಲ. ಇರುವುದು ಒಂದೇ ಪದ್ಯ, ನಾಲ್ಕೇ ಪಾದ. ಅದರ ಸಾರ ಇಷ್ಟು: ಸಿರಿ, ರೂಪ, ವಿಲಾಸ, ಧನ, ವೈಭವಗಳ ದೊಡ್ಡ ರಾಶಿಗಳು ಕಾಮನಬಿಲ್ಲಿನಂತೆ, ಮಿಂಚಿನ ಬಳ್ಳಿಯಂತೆ, ಮಂಜಿನಂತೆ ತೋರಿ ಬೇಗನೆ ಮರೆಯಾಗುತ್ತವೆ, ಯಾರಿಗೂ ನಿಲ್ಲುವುದಿಲ್ಲ. ಈ ಧರೆಯಲ್ಲಿನ ಇರವನ್ನು ಮೆಚ್ಚೆನೆಂದು ತಿಳಿದು, ಸನ್ಯಾಸನವನ್ನು ಕೈಗೊಂಡು, ನಂದಿಸೇನ ಮುನಿವರನು ದೇವಲೋಕಕ್ಕೆ ಸಂದನು.

ಸಾರವನ್ನು ಹೀಗೆ ಗದ್ಯಕ್ಕೆ ಇಳಿಸಿದಾಗ ಇದು ಬಸದಿಯ ಪ್ರವಚನದಲ್ಲಿ ನಿತ್ಯ ಕೇಳುವ ಮಾತಿನಂತೆಯೇ ತೋರುತ್ತದೆ. ದ್ವಾದಶಾನುಪ್ರೇಕ್ಷೆಗಳಲ್ಲಿ ಮೊದಲನೆಯದಾದ ಅನಿತ್ಯಭಾವನೆಯನ್ನು ಅರಿಯದ ಜೈನ ಮನೆ ಇಲ್ಲ. ಹಾಗಿದ್ದರೂ ಹದಿಮೂರು ಶತಮಾನಗಳ ನಂತರವೂ ಈ ಪದ್ಯ ಓದಿದವರ ಮನಸ್ಸಿನಲ್ಲಿ ಉಳಿಯುವುದೇಕೆ? ಅನಿತ್ಯತೆಯನ್ನು ಅದು ಬಾಯಿಮಾತಿನಲ್ಲಿ ಹೇಳಿ ಬಿಡುವುದಿಲ್ಲ, ಕಿವಿಗೆ ಕೇಳಿಸುತ್ತದೆ. ವೃತ್ತದ ಗತಿ, ಪ್ರಾಸ, ಪಾದಗಳ ಸಂಧಿ ಇವೆಲ್ಲ ಅರ್ಥದ ಕೆಲಸವನ್ನು ಹಂಚಿಕೊಂಡಿವೆ. ಸಲ್ಲೇಖನವ್ರತದ ವಿಷಯದಲ್ಲಿ ಶಾಸ್ತ್ರವು ಕಾಯುವ ಒಂದು ಸೂಕ್ಷ್ಮವಾದ ಎಚ್ಚರವನ್ನೂ ಈ ಪದ್ಯದ ರಚನೆಯೇ ಕಾಯ್ದುಕೊಂಡಿದೆ.

ವೃತ್ತದ ಲೆಕ್ಕ

ಪದ್ಯದ ವೃತ್ತ ಮಹಾಸ್ರಗ್ಧರೆ. ಶಾರ್ದೂಲವಿಕ್ರೀಡಿತ, ಮತ್ತೇಭವಿಕ್ರೀಡಿತ, ಉತ್ಪಲಮಾಲೆ, ಚಂಪಕಮಾಲೆ, ಸ್ರಗ್ಧರೆ, ಮಹಾಸ್ರಗ್ಧರೆ ಎಂಬ ಆರನ್ನು ಕನ್ನಡಿಗರು ಖ್ಯಾತಕರ್ಣಾಟಕಗಳೆಂದು ಕರೆದರು. ಅವುಗಳಲ್ಲಿ ಅತಿ ದೀರ್ಘವಾದುದು ಇದು. ಪಾದಕ್ಕೆ 22 ಅಕ್ಷರಗಳು. ಗಣಗಳು ಸ, ತ, ತ, ನ, ಸ, ರ, ರ, ಕೊನೆಗೊಂದು ಗುರು. ಸ್ರಗ್ಧರೆಯ ಪಾದದ ಮೊದಲ ಗುರುವನ್ನು ಒಡೆದು ಎರಡು ಲಘುಗಳನ್ನಾಗಿ ಮಾಡಿದರೆ ಮಹಾಸ್ರಗ್ಧರೆಯಾಗುತ್ತದೆ. ಸ್ರಗ್ಧರೆ ಭಾರವಾಗಿ ಹೆಜ್ಜೆಯಿಟ್ಟು ಹೊರಡುವಲ್ಲಿ ಇದು ಎರಡು ಹಗುರ ಹೆಜ್ಜೆಗಳಿಂದ ಹೊರಡುತ್ತದೆ.

ಒಂದು ಪಾದವನ್ನು ಗುರುಲಘುಗಳಾಗಿ ಎಣಿಸಿದರೆ 11 ಗುರು, 11 ಲಘು ಸಿಗುತ್ತವೆ. ಮಾತ್ರೆಗಳು 33. ನಾಲ್ಕು ಪಾದಗಳಿಗೆ 44 ಗುರು, 44 ಲಘು. ಒಳ್ಳೆಯ ಲೆಕ್ಕದ ಪುಸ್ತಕದಲ್ಲಿ ಜಮಾ ಖರ್ಚುಗಳು ಕೊನೆಯ ಸಾಲಿನಲ್ಲಿ ಸರಿಹೊಂದುವಂತೆ ಇಲ್ಲಿ ಭಾರವೂ ಹಗುರವೂ ಸಮವಾಗಿವೆ. ಆದರೆ ಈ ಸಮತೆ ಬಿಡಿಬಿಡಿಯಾಗಿ ಹಂಚಿಹೋದದ್ದಲ್ಲ. ಪಾದದ ಮೊದಲ ಎಂಟು ಅಕ್ಷರಗಳಲ್ಲಿ ಐದು ಗುರುಗಳು. ಒಂಬತ್ತರಿಂದ ಹದಿನಾಲ್ಕರವರೆಗೆ ಸತತವಾಗಿ ಆರು ಲಘುಗಳು. ಹದಿನೈದನೆಯದು ಮತ್ತೆ ಗುರು. ಉಳಿದ ಏಳರಲ್ಲಿ ಐದು ಗುರುಗಳು. ಅಂದರೆ ಪಾದವು ತೂಕದಿಂದ ನಡೆದು, ನಡುವೆ ಓಡಿ, ಕೊನೆಗೆ ಮತ್ತೆ ತೂಕದಿಂದ ನಿಲ್ಲುತ್ತದೆ.

ಭಕ್ತಾಮರ ಸ್ತೋತ್ರವನ್ನು ನಿತ್ಯ ಪಠಿಸುವ ಮನೆಗಳಿಗೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ಅಲ್ಲಿನ ವಸಂತತಿಲಕ ವೃತ್ತದ 14 ಅಕ್ಷರಗಳ ಪಾದದಲ್ಲಿ ಒಟ್ಟಿಗೆ ಬರುವ ಲಘುಗಳು ಹೆಚ್ಚೆಂದರೆ ಮೂರು. ಆದ್ದರಿಂದ ಅದು ತೂಗುಯ್ಯಾಲೆಯಂತೆ ಹದವಾಗಿ ಸಾಗುತ್ತದೆ. ಮಹಾಸ್ರಗ್ಧರೆಯಲ್ಲಿ ಅದರ ಇಮ್ಮಡಿ ಲಘುಗಳು ಒಂದೇ ಉಸಿರಿನಲ್ಲಿ ಬರುತ್ತವೆ. ಅಲ್ಲಿ ಯಾವ ಮಾತು ಬೀಳುವುದೋ ಅದು ನಿಲ್ಲಲಾರದು.

ಆರು ಲಘುಗಳಲ್ಲಿ ಏನಿದೆ?

ಆರು ಲಘುಗಳ ಓಟ ಈ ವೃತ್ತದ ಪ್ರತಿಯೊಂದು ಪದ್ಯದಲ್ಲಿಯೂ ಇರುತ್ತದೆ. ಅದು ವೃತ್ತದ ಗುಣವೇ ಹೊರತು ಕವಿಯ ಸಾಧನೆಯಲ್ಲ. ಆ ಓಟದ ಮೇಲೆ ಯಾವ ಪದಗಳನ್ನು ಇರಿಸಬೇಕೆಂಬುದು ಕವಿಯ ಆಯ್ಕೆ. ಈ ದೃಷ್ಟಿಯಿಂದ ನಾಲ್ಕು ಪಾದಗಳನ್ನೂ ಪರೀಕ್ಷಿಸಬೇಕು.

ಮೊದಲ ಪಾದದಲ್ಲಿ ಮಿಂಚಿನ ಬಳ್ಳಿ ಈ ಲಘುಗಳ ಮೇಲೆ ಹರಿಯುತ್ತದೆ. ಮಿಂಚು ಎಂಬರ್ಥದ ಸಂಸ್ಕೃತ ಪದ ಎರಡು ಗುರುಗಳಿಂದ ಜಗ್ಗನೆ ಬೆಳಗುತ್ತದೆ. ಬಳ್ಳಿಯಾಗಿ ಹರಡುವ ಭಾಗ ಲಘುಗಳಲ್ಲಿ ಕ್ಷಣದಲ್ಲಿ ಸರಿದುಹೋಗುತ್ತದೆ. ಎರಡನೆಯ ಪಾದದಲ್ಲಿ ಧನ ಮತ್ತು ವಿಭವಗಳು ಒಂಬತ್ತನೆಯ ಅಕ್ಷರಕ್ಕೆ ಸರಿಯಾಗಿ ಆರಂಭವಾಗಿ ಓಟದ ಮೇಲೆಯೇ ಬೀಳುತ್ತವೆ. ಮೂರನೆಯ ಪಾದದಲ್ಲಿ ಧರಣಿಯಲ್ಲಿನ ಇರವು ಅದೇ ಸ್ಥಾನದಲ್ಲಿದೆ. ಇರುವುದು ಎಂಬ ಅರ್ಥದ ಮಾತೇ ಪಾದದಲ್ಲಿ ಇರಲಾಗದ ಜಾಗಕ್ಕೆ ಬಂದಿದೆ. ನಾಲ್ಕನೆಯ ಪಾದದಲ್ಲಿ ಓಡುವುದು ಮುನಿಗೆ ಸಂದ ಹೊಗಳಿಕೆಯ ವಿಶೇಷಣಗಳು. ನಂದಿಸೇನ ಎಂಬ ಹೆಸರು ಮಾತ್ರ ಅದಕ್ಕೆ ಮುಂಚಿನ ಗುರುಪ್ರಧಾನ ಭಾಗದಲ್ಲಿ ಸ್ಥಿರವಾಗಿ ನಿಂತಿದೆ. ಮಿಂಚು, ಹಣ, ಲೌಕಿಕ ವಾಸ, ಕೊನೆಗೆ ಪ್ರಶಂಸೆ: ನಾಲ್ಕೂ ಒಂದೇ ವೇಗದಲ್ಲಿ ಸರಿಯುತ್ತವೆ. ಮುನಿಯ ಸ್ತುತಿಯನ್ನೂ ಅನಿತ್ಯಗಳ ಸಾಲಿನಲ್ಲಿ ಓಡಿಸಿದ್ದು ಕವಿಯ ಉದ್ದೇಶವೋ ಅಲ್ಲವೋ, ಕಿವಿಗೆ ಬರುವುದು ಹಾಗೆಯೇ.

ಎರಡನೆಯ ಪಾದದ ನಾದ ಇನ್ನಷ್ಟು ವಿಚಾರಕ್ಕೆ ಯೋಗ್ಯವಾಗಿದೆ. ಸಿರಿ, ರೂಪ, ವಿಲಾಸಗಳನ್ನು ಹೇಳುವಾಗ ಈಕಾರ, ಊಕಾರ, ಆಕಾರಗಳ ದೀರ್ಘಸ್ವರಗಳು ಸಾಲಾಗಿ ಬಂದು ಬಾಯಿ ತುಂಬುತ್ತದೆ. ಹಿಂದೆಯೇ ಧನವಿಭವಗಳ ಹ್ರಸ್ವಗಳು ಸುರಿಯುತ್ತವೆ. ಬಳಿಕ ರಾಶಿ ಎಂಬಲ್ಲಿ ಮತ್ತೆ ಗುಡ್ಡೆ ಬೀಳುತ್ತದೆ. ಇದೆಲ್ಲವೂ ಒಂದೇ ನೀಳವಾದ ಸಂಸ್ಕೃತ ಸಮಾಸ. ಪಾದದ ಅರ್ಧಕ್ಕಿಂತ ಹೆಚ್ಚನ್ನು ಅದೇ ಆಕ್ರಮಿಸಿದೆ. ಅದಕ್ಕೆ ಎದುರಾಗಿ ನಿಂತಿರುವುದು ಒಂದು ಚಿಕ್ಕ ಕನ್ನಡ ಕ್ರಿಯಾಪದ, ನಿಲ್ಲವು ಎಂಬ ನಿಷೇಧ. ಲಕಾರದ ದ್ವಿತ್ವದಲ್ಲಿ ನಾಲಗೆ ಅಂಗುಳಕ್ಕೆ ಒತ್ತಿ ನಿಲ್ಲುತ್ತದೆ; ಅರ್ಥವೋ ನಿಲ್ಲುವುದಿಲ್ಲವೆಂಬುದು. ಮೂರನೆಯ ಪಾದದ ನಿರ್ಣಾಯಕ ಮಾತಾದ ಮೆಚ್ಚೆ ಎಂಬುದೂ ಇಂಥದೇ ಕನ್ನಡ ನಿಷೇಧರೂಪ. ವೈಭವವನ್ನು ಸಂಸ್ಕೃತದಲ್ಲಿ ಪೇರಿಸಿ, ಬೇಡವೆಂಬುದನ್ನು ತಾಯಿನುಡಿಯಲ್ಲಿ ಎರಡೇ ಅಕ್ಷರಗಳಲ್ಲಿ ಹೇಳುವ ಈ ಕ್ರಮ ಪದ್ಯದ ಶಕ್ತಿಗಳಲ್ಲೊಂದು.

ಉಪಮೆಗಳ ಅಳತೆಯೂ ಗಮನಾರ್ಹ. ಮೊದಲ ಪಾದದ 22 ಅಕ್ಷರಗಳಲ್ಲಿ ಕಾಮನಬಿಲ್ಲಿಗೆ ಆರು, ಮಿಂಚಿಗೆ ಒಂಬತ್ತು, ಮಂಜಿಗೆ ಮೂರೇ ಮೂರು ಅಕ್ಷರಗಳು ಸಂದಿವೆ. ಬಿಲ್ಲು ದೂರದ ಆಕಾಶದಲ್ಲಿದೆ, ಮಿಂಚು ಅಲ್ಲಿಂದ ಇತ್ತ ಬಾಗುತ್ತದೆ, ಮಂಜು ಕಾಲಬಳಿಯ ಹುಲ್ಲಿನ ಮೇಲಿದೆ. ಹತ್ತಿರದ್ದೇ ಅತ್ಯಂತ ಚಿಕ್ಕದು. ಬೆಟ್ಟದ ಮೇಲೆ ನಸುಕಿನಲ್ಲಿ ಸಾಮಾಯಿಕಕ್ಕೆ ಕುಳಿತ ಮುನಿಗಳಿಗೆ ಮೂರೂ ಪರಿಚಿತ ದೃಶ್ಯಗಳಾಗಿದ್ದಿರಬೇಕು.

ಪ್ರಾಸ ಮತ್ತು ಪಾದ ದಾಟುವ ಪದ

ವೃತ್ತವು ಸಂಸ್ಕೃತದ ಮಾರ್ಗದಲ್ಲಿ ಬಂದದ್ದಾದರೂ ಪ್ರಾಸ ಕನ್ನಡದ್ದು. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವಿರಬೇಕೆಂಬ ನಿಯಮ ಸಂಸ್ಕೃತ ಕವಿಗಳಿಗಿಲ್ಲ. ಹತ್ತನೆಯ ಶತಮಾನದ ಕೊನೆಯ ಭಾಗದ ನಾಗವರ್ಮನ ಛಂದೋಂಬುಧಿಯಲ್ಲಿ ಪ್ರಾಸವನ್ನು ಆರು ಬಗೆಯಾಗಿ ವಿಂಗಡಿಸಲಾಗಿದೆ. ಪ್ರಾಸಾಕ್ಷರದ ಹಿಂದೆ ಹ್ರಸ್ವಸ್ವರವಿದ್ದರೆ ಅದು ಸಿಂಹಪ್ರಾಸ. ನಂದಿಸೇನ ಪದ್ಯದ ನಾಲ್ಕೂ ಪಾದಗಳಲ್ಲಿ ಎರಡನೆಯ ಸ್ಥಾನದಲ್ಲಿ ರಕಾರವಿದ್ದು, ಹಿಂದೆ ಹ್ರಸ್ವವೇ ಇದೆ. ಲಕ್ಷಣಗ್ರಂಥಗಳು ಹುಟ್ಟುವುದಕ್ಕೆ ಬಹಳ ಮೊದಲೇ ಬಂಡೆಯ ಮೇಲೆ ಲಕ್ಷ್ಯ ಸಿದ್ಧವಾಗಿತ್ತು.

ಈ ಪ್ರಾಸವನ್ನು ಸಾಧಿಸುವಲ್ಲಿ ಪದ್ಯದ ಅತ್ಯಂತ ಮುಖ್ಯವಾದ ರಚನಾವಿಶೇಷ ಕಾಣುತ್ತದೆ. ಮೂರನೆಯ ಪಾದದ ಕೊನೆಯಲ್ಲಿ ಸನ್ಯಾಸನವನ್ನು ಮಾಡಿ ಎಂಬರ್ಥದ ಗೆಯ್ದು ಎಂಬ ಕ್ರಿಯಾಪದ ಒಡೆದಿದೆ. ಗೆಯ್ ಎಂಬ ಧಾತು ಮೂರನೆಯ ಪಾದದಲ್ಲಿ ಉಳಿದು, ಭೂತಕಾಲವನ್ನು ಸೂಚಿಸುವ ಉಳಿದ ಭಾಗ ಮುಂದಿನ ಪದದೊಡನೆ ಸಂಧಿಯಾಗಿ ನಾಲ್ಕನೆಯ ಪಾದಕ್ಕೆ ದಾಟಿದೆ. ಮಾಡುವುದು ಈ ಕಡೆ, ಮಾಡಿ ಮುಗಿಸಿದ್ದು ಆ ಕಡೆ.

ಪದವನ್ನು ಪಾದದ ಅಂಚಿನಲ್ಲಿ ಒಡೆದು ದಾಟಿಸುವುದು ಕನ್ನಡ ವೃತ್ತಗಳಲ್ಲಿ ಸಾಮಾನ್ಯ ರೂಢಿ, ಇದಕ್ಕೆ ವಿಶೇಷಾರ್ಥ ಹಚ್ಚಬೇಕಾಗಿಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಸತ್ಯವಿದೆ. ಕನ್ನಡ ಕವಿಗಳು ಯತಿಯನ್ನೂ ಪಾದಾಂತವನ್ನೂ ಧಾರಾಳವಾಗಿ ದಾಟುತ್ತಾರೆ. ಈ ಪದ್ಯದಲ್ಲಿಯೇ ಮೊದಲ ಪಾದ ಬೇಗನೆ ಎಂಬ ಅರ್ಥದ ಮಾತಿನಲ್ಲಿ ಮುಗಿದು, ಮರೆಯಾಗುವ ಕ್ರಿಯಾಪದ ಎರಡನೆಯ ಪಾದದ ಆದಿಯಲ್ಲಿ ಬರುತ್ತದೆ. ಆದರೆ ಅಲ್ಲಿ ಪದ ಒಡೆಯುವುದಿಲ್ಲ, ವಾಕ್ಯ ಮಾತ್ರ ದಾಟುತ್ತದೆ. ಎರಡನೆಯ ಪಾದದ ಕೊನೆಗೆ ವಾಕ್ಯವೇ ಪೂರ್ಣವಾಗಿ ನಿಲ್ಲುತ್ತದೆ. ಪದವೇ ಎರಡಾಗುವುದು ಒಂದೇ ಕಡೆ, ವ್ರತಸ್ವೀಕಾರದ ಮಾತಿನಲ್ಲಿ. ರೂಢಿಯಾಗಿ ಬಂದ ಸೌಲಭ್ಯವೂ ಸರಿಯಾದ ಸ್ಥಳದಲ್ಲಿ ಬಿದ್ದಾಗ ಅರ್ಥವನ್ನು ಪಡೆಯುತ್ತದೆ. ಸಲ್ಲೇಖನವು ಒಂದು ಕ್ಷಣದ ಕೃತ್ಯವಲ್ಲ, ದಿನದಿನವೂ ಮುಂದುವರಿದು ಕೊನೆಗೆ ದಾಟಿಸುವ ಸಾಧನೆ. ಪದ್ಯವನ್ನು ಓದುವವನೂ ಅಲ್ಲಿ ನಿಲ್ಲಲಾರ. ನಿಂತರೆ ಪದ ಅರೆಯಾಗುತ್ತದೆ, ದಾಟಿದರೆ ಮಾತ್ರ ಪೂರ್ಣವಾಗುತ್ತದೆ.

ಮಾತು ಯಾರದು?

ರಚನೆಯ ವಿಚಾರ ಇಲ್ಲಿಂದ ಮುಂದೆ ಧರ್ಮವಿಚಾರವಾಗುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬದುಕಬೇಕೆಂಬ ಆಸೆ, ಸಾಯಬೇಕೆಂಬ ಆಸೆ, ಮಿತ್ರರ ಮೇಲಿನ ಅನುರಾಗ, ಹಿಂದಿನ ಸುಖದ ಸ್ಮರಣೆ, ಮುಂದಿನ ಭೋಗಕ್ಕಾಗಿ ನಿದಾನ. ಬದುಕಿನ ಆಸೆಯಷ್ಟೇ ಸಾವಿನ ಆಸೆಯೂ ದೋಷವೆಂಬುದು ಇಲ್ಲಿನ ಮರ್ಮ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ, ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿದಾಗ, ಸಮಾಜದ ಸಭೆಗಳಲ್ಲಿ ಚರ್ಚೆಗೆ ಬಂದದ್ದು ಈ ಭೇದವೇ. ಸಾವನ್ನು ಬಯಸುವವನಿಗೂ ದೇಹದ ಮೋಹವನ್ನು ಬಿಡುವವನಿಗೂ ಇರುವ ಅಂತರವನ್ನು ಹೇಗೆ ತೋರಿಸುವುದು?

ಈ ಪ್ರಶ್ನೆಯನ್ನು ಶಾಸನಪದ್ಯಕ್ಕೂ ಹಾಕಬೇಕು. ಧರೆಯಲ್ಲಿನ ಇರವನ್ನು ಮೆಚ್ಚೆನೆಂದರೆ ಅದು ಸಾಯುವ ಆಸೆಯಲ್ಲವೇ? ದೇವಲೋಕದ ಮಾತು ಬಂದಾಗ ಅದು ನಿದಾನವಲ್ಲವೇ? ಪದ್ಯವನ್ನು ಅವಸರದಲ್ಲಿ ಓದಿದವರಿಗೆ ಎರಡೂ ಸಂಶಯಗಳು ಬರುವುದು ಸಹಜ.

ಉತ್ತರ ಪದ್ಯದ ದನಿಗಳಲ್ಲಿದೆ. ಮೊದಲ ಎರಡು ಪಾದಗಳು ಯಾರೂ ಆಡಬಹುದಾದ ಲೋಕಸತ್ಯ. ಮೂರನೆಯ ಪಾದದಲ್ಲಿ ಏಕಾಏಕಿ ಉತ್ತಮಪುರುಷ ಬರುತ್ತದೆ; ಮುನಿಯೇ ನುಡಿಯುತ್ತಾನೆ. ಎಂದು ಎಂಬ ಅವ್ಯಯದಿಂದ ಅವನ ಮಾತು ಮುಗಿಯುತ್ತದೆ. ಅನಂತರದ್ದೆಲ್ಲ ನಿಸಿದಿಯನ್ನು ಬರೆಸಿದವರ ಮಾತು. ಮುನಿಯ ಪಾಲಿಗೆ ಬಂದಿರುವುದು ಅರ್ಧ ಪಾದಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಆ ಅಲ್ಪ ಮಾತಿನಲ್ಲಿ ಸಾವು ಎಂಬ ಪದವಿಲ್ಲ. ಇಡೀ ಪದ್ಯದಲ್ಲಿಯೂ ಅದಿಲ್ಲ. ಬೇಸರ, ದುಃಖ, ರೋಗ ಯಾವುದೂ ಇಲ್ಲ. ಇರುವುದು ಮೆಚ್ಚುವುದಿಲ್ಲವೆಂಬ ಒಂದು ನಿರ್ಣಯ. ಮೆಚ್ಚುವುದು ಬೆಲೆಕಟ್ಟುವ ಮಾತು. ಸರಕನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತೋರಿಸಿ, ಬಾಳಿಕೆ ಬರುವುದಿಲ್ಲವೆಂದು ತಿಳಿದು ಕೆಳಗಿಡುವವನ ಮಾತು ಅದು. ಸರಕಿನ ಮೇಲೆ ಸಿಟ್ಟಾದವನದಲ್ಲ. ಮೊದಲೆರಡು ಪಾದಗಳ ಪರೀಕ್ಷೆ ಮುಗಿದ ಮೇಲೆಯೇ ಈ ನಿರ್ಣಯ ಬರುತ್ತದೆ. ಪರಮಾರ್ಥವೆಂಬ ಮಾತಿನಿಂದ ಆ ಪಾದ ಆರಂಭವಾಗುವುದೂ ಇದಕ್ಕೆ ಪೋಷಕವಾಗಿದೆ.

ದೇವಲೋಕ ನಾಲ್ಕನೆಯ ಪಾದದಲ್ಲಿದೆ, ಅಂದರೆ ಮುನಿಯ ಮಾತಿನ ಹೊರಗಿದೆ. ಅವನು ಅದನ್ನು ಕೇಳಿಕೊಂಡಿಲ್ಲ. ಉಳಿದವರು ಭಕ್ತಿಯಿಂದ ಹೇಳಿದ್ದಾರೆ. ಪಂಚಮಕಾಲದಲ್ಲಿ ಈ ಕ್ಷೇತ್ರದಿಂದ ಮೋಕ್ಷವಿಲ್ಲವೆಂಬ ಆಗಮದ ಮಾತಿಗೆ ಅನುಗುಣವಾಗಿ ಅವರು ಮುಕ್ತಿಯೆಂದು ಹೇಳದೆ ದೇವಲೋಕವೆಂದಿರುವುದೂ ಗಮನಿಸತಕ್ಕದ್ದು. ಹೀಗೆ ಯಾವ ಮಾತು ಯಾವ ದನಿಗೆ ಸೇರಿದೆ ಎಂಬ ವಿಂಗಡಣೆಯಿಂದಲೇ ಪದ್ಯವು ಮರಣಾಶಂಸೆಯ ದೋಷವನ್ನೂ ನಿದಾನದ ದೋಷವನ್ನೂ ದೂರವಿಟ್ಟಿದೆ. ಕಾವ್ಯದ ಶಿಸ್ತು, ವ್ರತದ ಶಿಸ್ತು ಇಲ್ಲಿ ಬೇರೆಬೇರೆಯಲ್ಲ.

ಪಾಠಶುದ್ಧಿಯ ಹೊಣೆ

ಪದ್ಯದ ಅರ್ಥ ಇಷ್ಟು ಸೂಕ್ಷ್ಮವಾದ ರಚನೆಯನ್ನು ಅವಲಂಬಿಸಿರುವುದರಿಂದ ಅದನ್ನು ಅಚ್ಚು ಹಾಕಿಸುವ, ಅಮೃತಶಿಲೆಯಲ್ಲಿ ಕೆತ್ತಿಸುವ, ಮಕ್ಕಳಿಗೆ ಕಲಿಸುವ ಸಂಸ್ಥೆಗಳ ಹೊಣೆ ದೊಡ್ಡದು. ಸಂಶೋಧಕರು ಕೊಟ್ಟ ಪಾಠ ಮುದ್ರಿತ ಸಂಪುಟದಲ್ಲಿ ದೊರೆಯುತ್ತದೆ. ಒಬ್ಬರ ಆಮಂತ್ರಣಪತ್ರಿಕೆಯಿಂದ ಇನ್ನೊಬ್ಬರು ನಕಲು ಮಾಡುವ ಅಭ್ಯಾಸಕ್ಕಿಂತ ಮೂಲದೊಡನೆ ಹೋಲಿಸಿ ನೋಡುವುದು ಯೋಗ್ಯ.

ಮೂರು ಸ್ಥಳಗಳಲ್ಲಿ ವಿಶೇಷ ಎಚ್ಚರ ಬೇಕು. ಮೊದಲನೆಯದು ಮೂರನೆಯ ಪಾದದ ಅಂಚು. ಒಡೆದ ಪದವನ್ನು ಕಂಡ ಅಕ್ಷರಜೋಡಣೆಯವರು ಅದನ್ನು ತಪ್ಪೆಂದು ಭಾವಿಸಿ, ಕೂಡಿಸಿ ಒಂದೇ ಸಾಲಿಗೆ ತಂದರೆ ಎರಡು ಪಾದಗಳ ಅಕ್ಷರಸಂಖ್ಯೆಯೂ ಕೆಡುತ್ತದೆ, ನಾಲ್ಕನೆಯ ಪಾದದ ಪ್ರಾಸವೂ ಅಳಿಯುತ್ತದೆ. ಎರಡನೆಯದು ಕೊನೆಯ ಕ್ರಿಯಾಪದ. ಅಲ್ಲಿರುವ ದೀರ್ಘ ಆನ್ ಪ್ರತ್ಯಯ ಪೂರ್ವದ ಹಳಗನ್ನಡದ ಲಕ್ಷಣ. ಓದುವವರಿಗೆ ಸುಲಭವಾಗಲೆಂದು ಅದನ್ನು ಹೊಸಗನ್ನಡದ ಸಂದನು ಎಂದು ತಿದ್ದಿದರೆ ಕೊನೆಯ ಒಂದು ಗುರುವಿನ ಜಾಗದಲ್ಲಿ ಎರಡು ಲಘುಗಳು ಬಂದು ಪಾದ 23 ಅಕ್ಷರಗಳಾಗುತ್ತದೆ, ಗಂಭೀರವಾಗಿ ಮುಗಿಯಬೇಕಾದದ್ದು ತೊದಲುತ್ತದೆ. ಮೂರನೆಯದು ಮೊದಲ ಪಾದದ ಶಕಟರೇಫ. ಇಂದಿನ ಉಚ್ಚಾರಣೆಯಲ್ಲಿ ಅದು ಉಳಿದಿಲ್ಲವಾದರೂ ಬರಹದಲ್ಲಿ ಉಳಿಸುವುದು ಪ್ರಾಚೀನ ಪಾಠಕ್ಕೆ ಸಲ್ಲಬೇಕಾದ ಮರ್ಯಾದೆ.

ಪಠನದಲ್ಲಿಯೂ ಕ್ರಮವಿದೆ. ಮಹಾಸ್ರಗ್ಧರೆಯಲ್ಲಿ ಎಂಟನೆಯ ಮತ್ತು ಹದಿನೈದನೆಯ ಅಕ್ಷರಗಳ ಬಳಿಕ ಯತಿಯೆಂದು ಹೇಳುತ್ತಾರೆ. ಈ ಪದ್ಯದ ಎರಡು, ಮೂರು, ನಾಲ್ಕನೆಯ ಪಾದಗಳಲ್ಲಿ ಎಂಟನೆಯ ಅಕ್ಷರದ ಬಳಿಕ ಪದ ಮುಗಿಯುವುದರಿಂದ ಅಲ್ಲಿ ಕಿಂಚಿತ್ ತಡೆದು ಮುಂದುವರಿಯಬಹುದು. ಮೊದಲ ಪಾದದಲ್ಲಿ ಮಾತ್ರ ಆ ಸ್ಥಾನ ಮಿಂಚಿನ ಬಳ್ಳಿಯ ನಟ್ಟನಡುವೆ ಬೀಳುತ್ತದೆ. ಅಲ್ಲಿ ತಡೆಯದೆ ಹದಿನೈದನೆಯ ಅಕ್ಷರದವರೆಗೆ ಒಂದೇ ಉಸಿರಿನಲ್ಲಿ ಹೋಗಬೇಕು. ಆರು ಲಘುಗಳನ್ನು ಯಾವ ಕಾರಣಕ್ಕೂ ಎಳೆಯಬಾರದು. ಚಲನಚಿತ್ರಗೀತೆಯ ಧಾಟಿಗೆ ಕೂರಿಸಿ, ತಾಳ ಹೊಂದಲೆಂದು ಹ್ರಸ್ವವನ್ನು ದೀರ್ಘ ಮಾಡಿ ಹಾಡಿದರೆ ಧನವೂ ವಿಭವವೂ ನಿಂತುಬಿಡುತ್ತವೆ. ನಿಲ್ಲುವುದಿಲ್ಲವೆಂದು ಹೇಳುವ ಪದ್ಯದಲ್ಲಿ ಅವು ನಿಂತರೆ ಹಾಡಿದವರು ಪದ್ಯಕ್ಕೆ ಎದುರಾದಂತೆಯೇ.

ಪಾಠಶಾಲೆಯ ಮಕ್ಕಳಿಗೆ ಇದನ್ನು ಕಲಿಸುವಾಗ ಮೊದಲು ಅರ್ಥ, ಆಮೇಲೆ ಬಾಯಿಪಾಠ ಎಂಬ ಕ್ರಮವನ್ನು ತಿರುಗಿಸಿ ನೋಡಬಹುದು. ಮೊದಲು ಗುರುಲಘುಗಳನ್ನು ಕೈತಟ್ಟಿ ಎಣಿಸಲಿ. ಆರು ಲಘುಗಳ ಬಳಿ ಕೈ ತಾನಾಗಿ ವೇಗಗೊಳ್ಳುತ್ತದೆ. ಆ ವೇಗದಲ್ಲಿ ಯಾವ ಮಾತುಗಳಿವೆ ಎಂದು ಆಮೇಲೆ ಕೇಳಿದರೆ, ಅನಿತ್ಯಭಾವನೆ ಮಕ್ಕಳಿಗೆ ಉಪದೇಶವಿಲ್ಲದೆಯೇ ಹೊಳೆಯುತ್ತದೆ.

ಧರ್ಮಸ್ಥಾನಗಳಲ್ಲಿ ದಾನಿಗಳ ಹೆಸರುಗಳು ದಪ್ಪ ಅಕ್ಷರಗಳಲ್ಲಿ ಗೋಡೆ ತುಂಬುವುದುಂಟು. ಚಿಕ್ಕಬೆಟ್ಟದ ಬಂಡೆಯ ಮೇಲೆ ಈ ಪದ್ಯವನ್ನು ರಚಿಸಿದವನ ಹೆಸರಿಲ್ಲ, ಕೆತ್ತಿದವನ ಹೆಸರಿಲ್ಲ, ವೆಚ್ಚ ಕೊಟ್ಟವನ ಹೆಸರೂ ಇಲ್ಲ. ಉಳಿದಿರುವುದು 88 ಅಕ್ಷರಗಳು, ಅವುಗಳ ನಡುವೆ ಗುರುಗಳ ಮೇಲೆ ನಿಂತ ಒಂದು ಹೆಸರು. ಯಾತ್ರೆಗೆ ಬಂದ ಕುಟುಂಬ ಒಂದು ಬೆಳಗನ್ನು ಆ ಬೆಟ್ಟಕ್ಕೆ ಮೀಸಲಿಟ್ಟು, ಬಂಡೆಯ ಬಳಿ ಈ ಪದ್ಯವನ್ನು ತಪ್ಪಿಲ್ಲದೆ ಒಮ್ಮೆ ಓದಿದರೆ, ಹುಲ್ಲಿನ ಮೇಲಿನ ಮಂಜು ಆರುವುದಕ್ಕೆ ಮುಂಚೆ ಸ್ವಾಧ್ಯಾಯವೊಂದು ಪೂರ್ಣವಾದಂತಾಗುತ್ತದೆ.